ಪಂಚಾಮೃತ ಕುಡಿದ ಕತ್ತಿ

ಬಾಳೆಹಣ್ಣು ಮೆತ್ತಿದ ಆಟಿಕೆಯ ಕತ್ತಿಯನ್ನು ಇವತ್ತು ಮೊಮ್ಮಗಳು ನನ್ನ ಮೂಗಿಗೇ ಒತ್ತಿದಳು; ಆ ಹುಳಿನಾತಕ್ಕೆ ನನ್ನ ಅಜ್ಜಿ ನೆನಪಾಗಿ, ಖುಷಿ ತಡೆಯದೆ ಅವಳನ್ನು ಎತ್ತಿ ಕುಣಿಸಿದೆ.

ನಾನು ಸಣ್ಣವಳಿದ್ದಾಗ ಅಣ್ಣಿಗೇರಿ ಬಾಜೂಕಿನ ನಮ್ಮೂರಲ್ಲಿ ಕಾಕಾ ದೊಡ್ಡಾಟಕ್ಕೆಂದು ಕಟ್ಟಿಗೆಯ ಕತ್ತಿ ಮಾಡಿದ್ದ. ಹಿಡಿಕೆ ಕೊರೆದು ಸೆಲ್ಲು ಕೂರಿಸಿ, ಹೆಬ್ಬೆರಳಿಗೆ ಸಿಗುವಂತೆ ಸಣ್ಣ ಬಟನ್ನು ಹಾಕಿದ್ದ. ಒತ್ತಿದರೆ ತುದಿಯ ಬಲ್ಬು ಕೆಂಪಗೆ ಉರಿಯುತ್ತದೆ ಎಂದು ಊರಿಗೆಲ್ಲ ಸಾರಿದ್ದ. ಮಹಾನವಮಿಯ ಆಯುಧಪೂಜೆ ಮುಗಿದು ವಾರಕ್ಕೆ ಆಟದ ದಿನ ಬಂತು. ಮಧ್ಯಾಹ್ನ ಒತ್ತಿ ನೋಡಿದರೆ ಬಲ್ಬು ಉರಿಯಲೇ ಇಲ್ಲ.

ಹಿಡಿಕೆ ಬಿಚ್ಚಿದ. ಥೂ! ಒಳಗೆ, ಬಟನ್ನಿನ ಸಂದಿಯಿಂದ ಇಳಿದು ಕೊಳೆತ ಬಾಳೆಹಣ್ಣು, ಒಡೆದ ಹಾಲು, ಅದರಲ್ಲಿ ಮಿಸುಕುವ ಬಿಳಿ ಹುಳ.

"ಯವ್ವಾ, ಏನ್ ಹಾಕೀಬೇ ಇದರಾಗ? ಊರಮಂದಿ ನನ್ನ ಮಾರಿಗೆ ನಗ್ತಾರ!" ಎಂದು ಕಾಕಾ ಅಜ್ಜಿಯ ಮೇಲೆ ರೇಗಿದ.

"ಖಂಡೇಪೂಜಿ ದಿನ ಕುಡಗೋಲು, ಕೊಡಲಿ ಜೋಡಿ ಇದಕ್ಕೂ ಪಂಚಾಮೃತ ಹಾಕೀನಪಾ," ಎಂದಳು ಅಜ್ಜಿ. "ಕತ್ತಿ ಅಲ್ಲೇನು ಅದು?"

"ಆಟದ್ದು ಬೇ!"

ನನ್ನ ಬೆರಳು ಸಣ್ಣವೆಂದು ಹೊಲಸು ಬಳಿದು ತೆಗೆಯುವ ಕೆಲಸ ನನಗೇ ಬಂತು. ಲೋಳೆ ಉಗುರಿನ ಸಂದಿಗೆಲ್ಲ ಇಳಿಯಿತು. ಕಾಕಾ ಬಟನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮತ್ತೆ ಕೂರಿಸಿ ಒತ್ತಿದ. ಬಲ್ಬು ಕೆಂಪಗೆ ಉರಿಯಿತು.

"ನೋಡು, ನನ್ನ ಪೂಜಿ ಫಲ!" ಎಂದ ಅಜ್ಜಿ, ನನ್ನ ಆ ಗಬ್ಬುಗೈಯನ್ನೇ ಹಿಡಿದು ಕಣ್ಣಿಗೊತ್ತಿಕೊಂಡಳು. ನಾನು ಕೈ ಕಿತ್ತುಕೊಂಡು ಬೇಲಿಗೆ ಓಡಿ ವಾಂತಿ ಮಾಡಿದೆ.