ಬುಗುರಿಯ ಎಡಗಡೆ

ಆ ಮುದುಕಿ ಮತ್ತೆ ಕನ್ನಡಕ ತೆಗೆದಳು. ಕರವಸ್ತ್ರದಲ್ಲಿ ಒರೆಸಿ, ಹಾಕಿಕೊಳ್ಳದೆ ಮಡಿಲಲ್ಲೇ ಇಟ್ಟುಕೊಂಡಳು. ಅಂಕಣದಲ್ಲಿ ಚೆಂಡು ಪುಟಿಸುತ್ತಿದ್ದ ಹುಡುಗಿ ಅತ್ತ ಒಮ್ಮೆ ಕಣ್ಣು ಹಾಯಿಸಿದವಳೇ ಬಲಕ್ಕೆ ಹೊರಳಿದಳು.

ಮೇಲಿನ ಸಾಲಿನ ಮೂಲೆಯಲ್ಲಿ ಕೂತಿದ್ದ ಬೇಹುಗಾರ ಹಲ್ಲು ಕಡಿದ. ಸನ್ನೆ! ಹಾಡಹಗಲೇ, ಇಷ್ಟು ಜನರ ಮಧ್ಯೆ ಸನ್ನೆ!

ಬೇಹುಗಾರ ಎನ್ನುವುದು ಅವನ ತಂಡದವರು ಇಟ್ಟ ಹೆಸರು. ಎದುರಾಳಿಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ಹೋಗಿ, ಯಾರ ಬಲ ಎಲ್ಲಿ, ಯಾರ ಹುಳುಕು ಎಲ್ಲಿ ಎಂದು ಅಳೆದು ತರುವುದು ಅವನ ಕೆಲಸ. ಈ ಸಲ ಅಳೆಯಬೇಕಾದದ್ದು ಅಂಕಣದಲ್ಲಿದ್ದ ಆ ಹುಡುಗಿಯನ್ನು, ಎಲ್ಲರೂ ಬುಗುರಿ ಎಂದು ಕರೆಯುವವಳನ್ನು. ಎದುರು ತಂಡದ ಪಾಯಿಂಟ್ ಗಾರ್ಡ್ ಅವಳು. ಚೆಂಡನ್ನು ಮುಂದಕ್ಕೆ ತಂದು ಯಾರ ಕೈಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವವಳು. ಈ ವರ್ಷವಷ್ಟೇ ಎಲ್ಲಿಂದಲೋ ಬಂದು ಸೇರಿದ್ದಳು. ಅವಳ ಹಳೆಯ ಆಟ ಕಂಡವರಿರಲಿಲ್ಲ.

ಫೈನಲ್‌ನಲ್ಲಿ ಅವಳನ್ನು ತಡೆಯಬೇಕಾದವಳು ಬೇಹುಗಾರನ ಸ್ವಂತ ಮಗಳು. ಅಂದು ರಾಜ್ಯ ತಂಡದ ಆಯ್ಕೆಗಾರರು ಬರುತ್ತಾರೆ, ಅವರಿಗೆ ಬೇಕಾದದ್ದು ಒಬ್ಬಳೇ ಗಾರ್ಡ್. ಬುಗುರಿಯನ್ನು ಕಟ್ಟಿಹಾಕಿದರೆ ಮಗಳ ಅದೃಷ್ಟ ಖುಲಾಯಿಸಿದಂತೆ. ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರಿರುತ್ತದೆ. ಮಗಳಿಗಿಂತ ಅಪ್ಪನಿಗೇ ಹೆಚ್ಚು ಭಯವಾಗಿತ್ತು.

ಅವನ ಕಸುಬಿಗೆ ಒಂದೇ ಸೂತ್ರ: ಚೆಂಡನ್ನು ನೋಡಬಾರದು. ಚೆಂಡು ನೋಡುವವನು ಟಿಕೆಟ್ ಕೊಂಡ ಪ್ರೇಕ್ಷಕ. ಆಟಗಾರ್ತಿಯನ್ನು ನೋಡುವವನು ಕಸುಬುದಾರ. ಚೆಂಡು ಬುಟ್ಟಿಗೆ ಬಿದ್ದು ಗ್ಯಾಲರಿಯೆಲ್ಲ ಎದ್ದು ಕುಣಿದರೂ ಅವನ ದೃಷ್ಟಿ ಹಿಡಿದ ಬೇಟೆಯಿಂದ ಕದಲುತ್ತಿರಲಿಲ್ಲ. ಅದರ ಬಗ್ಗೆ ಅವನಿಗೆ ಜಂಬವೂ ಇತ್ತು. ಗುರುತು ಸಿಗದಿರಲೆಂದು ಪಂದ್ಯಕ್ಕೊಂದು ಟೋಪಿ, ಕೈಯಲ್ಲೊಂದು ಕಡಲೆಕಾಯಿ ಪೊಟ್ಟಣ.

ಬುಗುರಿಯ ಬಲ ಅವನಿಗೆ ಬೇಗನೆ ತಿಳಿಯಿತು. ಸಹ ಆಟಗಾರ್ತಿಯರು ಎಲ್ಲಿದ್ದಾರೆಂದು ಅವಳ ಬೆನ್ನಿಗೂ ಗೊತ್ತು. ತಾನು ಗುರಿ ಇಡುವುದು ಕಡಿಮೆ, ಹಂಚುವುದೇ ಹೆಚ್ಚು. ಹುಳುಕೂ ಸಿಕ್ಕಿತು. ಎಡಕ್ಕೆ ದಾರಿ ತೆರೆದಿದ್ದರೂ ಹೋಗುವುದಿಲ್ಲ. ಯಾರಾದರೂ ಎಡಕ್ಕೆ ತಳ್ಳಿದರೆ ಚೆಂಡನ್ನು ಬೇರೆಯವರಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾಳೆ. ಒಂದು ಪಂದ್ಯಕ್ಕೆ ಅವನು ತಡವಾಗಿ ಬಂದಿದ್ದ. ಬಾಗಿಲ ಹೊರಗೇ ಅವಳ ಹೆಸರಿನ ಕೂಗು ಕೇಳಿಸುತ್ತಿತ್ತು. ಅವನು ಕೂತ ಸ್ವಲ್ಪ ಹೊತ್ತಿಗೆ ಅವಳ ಆಟ ಮಂಕಾಯಿತು. ದಮ್ಮೂ ಕಡಿಮೆ ಎಂದುಕೊಂಡ. ವಿರಾಮದಲ್ಲಿ ಅವಳು ನೀರಿನ ಬಾಟಲಿ ಹಿಡಿದದ್ದು, ಶೂ ದಾರ ಎಳೆದದ್ದು, ಬೆವರು ಒರೆಸಿದ್ದು ಎಲ್ಲವೂ ಎಡಗೈಯಲ್ಲೇ. ಪಾಪ, ಇರುವ ಒಂದೇ ಒಳ್ಳೆಯ ಕೈಗೆ ವಿಶ್ರಾಂತಿ ಕೊಡುತ್ತಿದ್ದಾಳೆ ಎಂದು ನಕ್ಕ.

ಬಗೆಹರಿಯದೆ ಉಳಿದದ್ದು ಆ ಮುದುಕಿ ಮಾತ್ರ. ಅವಳೂ ಚೆಂಡನ್ನು ನೋಡುತ್ತಿರಲಿಲ್ಲ. ಕನ್ನಡಕ ತೆಗೆದಳೆಂದರೆ ಬುಗುರಿ ಬಲಕ್ಕೆ. ಎದುರಾಳಿಗಳು ಎಲ್ಲಿ ನಿಂತಿದ್ದಾರೆಂದು ಮೇಲಿನಿಂದ ಹೇಳಿಕೊಡುತ್ತಿದ್ದಾಳೆಯೇ? ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂದುಕೊಂಡು ಅವನು ಜಾಗ ಬದಲಿಸಿ ಅವಳ ಹಿಂದಿನ ಸಾಲಿಗೆ ಹೋದ. ವಿರಾಮದಲ್ಲಿ ಅವಳೇ ತಿರುಗಿ ಕೂತಳು.

"ಯಾರನ್ನ ನೋಡೋಕೆ ಬಂದಿದ್ದೀರಿ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ಟೋಪಿಗೆ ಹೋಯಿತು. "ಯಾರನ್ನೂ ಇಲ್ಲಮ್ಮ. ಸುಮ್ನೆ ಆಟ ನೋಡೋಣ ಅಂತ."

"ಹೌದಾ? ಆಟ ನೋಡೋವರ ಥರ ಕಾಣ್ಲಿಲ್ಲ," ಎಂದು ಅವಳು ಅವನ ಪೊಟ್ಟಣದಿಂದಲೇ ಎರಡು ಕಡಲೆಕಾಯಿ ತೆಗೆದುಕೊಂಡಳು.

ಮನೆಗೆ ಬಂದವನೇ ಅಡುಗೆಮನೆಯ ಮೇಜು ಸರಿಸಿ, ತಾನೇ ಬುಗುರಿಯಾಗಿ ನಿಂತು ಮಗಳಿಗೆ ತೋರಿಸಿದ. "ಬಲಗಡೆ ಪೂರ್ತಿ ಮುಚ್ಚು. ಎಡಕ್ಕೆ ತಳ್ಳು. ಆ ಕಡೆ ಅವಳಿಗೆ ಗೋಡೆ."

"ಖಂಡಿತನಾ ಅಪ್ಪ?"

"ನನ್ನ ಕಣ್ಣಾರೆ ನೋಡಿದ್ದೀನಿ."

ಮಗಳು ಮೇಜನ್ನು ಮೊದಲಿನ ಜಾಗಕ್ಕೆ ತಳ್ಳಿದಳು. "ಅವಳನ್ನ ನೋಡಿದಷ್ಟು ನನ್ನನ್ನ ಯಾವತ್ತೂ ನೋಡಿಲ್ಲ ನೀನು." ತಮಾಷೆಗೆ ಅಂದಳೋ ನಿಜವಾಗಿಯೋ ಅವನಿಗೆ ತಿಳಿಯಲಿಲ್ಲ. ಮನಸ್ಸಿಗೆ ಮಾತ್ರ ಚುಚ್ಚಿತು.

ಫೈನಲ್ ದಿನ ಟೋಪಿಯ ಹಂಗಿರಲಿಲ್ಲ. ಅವನು ತನ್ನ ತಂಡದ ಹಿಂದೆಯೇ ರಾಜಾರೋಷವಾಗಿ ಕೂತ. ಎದುರು ಸಾಲಿನಲ್ಲಿ ಮುದುಕಿ. ಅವಳ ಕೈ ಕನ್ನಡಕದ ಹತ್ತಿರ ಹೋಗಲೇ ಇಲ್ಲ. ಆಯ್ಕೆಗಾರರ ಮುಂದೆ ಸನ್ನೆ ಮಾಡಲು ಹೆದರಿದ್ದಾಳೆ, ಕಳ್ಳನ ಮನಸ್ಸು ಹುಳ್ಳಗೆ ಎಂದುಕೊಂಡ.

ಮಗಳು ಅಪ್ಪ ಹೇಳಿದ ಹಾಗೆಯೇ ಬಲಗಡೆ ಮುಚ್ಚಿ ನಿಂತಳು. ಬುಗುರಿ ಎಡಕ್ಕೆ ಹೋದಳು. ಕಟ್ಟೆ ಒಡೆದ ನೀರಿನ ಹಾಗೆ ಹೋಗಿ, ಎಡಗೈಯಿಂದಲೇ ಚೆಂಡನ್ನು ಬುಟ್ಟಿಗೆ ಹಾಕಿದಳು. ಮತ್ತೆ ಎಡಕ್ಕೆ, ಮತ್ತೆ ಎಡಗೈ. ಮಗಳು ಒಮ್ಮೆ ಅಪ್ಪನ ಕಡೆ ತಿರುಗಿ ನೋಡಿದಳು. ಬೇರೆ ಏನು ಮಾಡಬೇಕೆಂದು ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ಆಟ ಮುಗಿದಾಗ ಆಯ್ಕೆಗಾರರು ಎದ್ದು ಬುಗುರಿಯ ಬಳಿಗೆ ನಡೆದರು.

ಮುದುಕಿ ಮೆಟ್ಟಿಲಿಳಿದು ಬಂದು, ಬಾಗಿಲ ಕಡೆಗೆ ಅವನ ಪಕ್ಕದಲ್ಲೇ ಹೊರಟಿದ್ದಳು. ಅವನು ಅಡ್ಡ ನಿಂತ. "ಸನ್ನೆ ಮಾಡಿ ಆಡಿಸ್ತಿದ್ರಿ. ನಾನು ಕಂಡಿದ್ದೀನಿ."

"ಇವತ್ತು ಮಾಡಿದ್ನಾ?"

"ಇವತ್ತು... ಇಲ್ಲ."

"ಇವತ್ತು ಬೇಕಿರ್ಲಿಲ್ಲ. ನನ್ನ ಮೊಮ್ಮಗಳು ಹುಟ್ಟಾ ಎಡಚಿ. ಕನ್ನಡಕ ತೆಗೆದ್ರೆ ಒಂದೇ ಅರ್ಥ: ಅವನು ಬಂದಿದ್ದಾನೆ, ಎಡಗೈ ಮುಚ್ಚಿಡು."

"ನಾನು ಅಂತ ಹೇಗೆ ಗೊತ್ತಾಯ್ತು? ಒಂದೊಂದು ದಿನ ಒಂದೊಂದು ಕಡೆ ಕೂತಿದ್ದೆ, ಟೋಪಿ ಬೇರೆ..."

ಮುದುಕಿ ಕನ್ನಡಕ ಸರಿಮಾಡಿಕೊಂಡು ಅವನನ್ನು ಕನಿಕರದಿಂದ ನೋಡಿದಳು.

"ಅಷ್ಟೂ ಜನರ ತಲೆ ಚೆಂಡಿನ ಹಿಂದೆ ತಿರುಗ್ತಿತ್ತು ಕಣಪ್ಪ, ನಿನ್ನದೊಂದು ಮಾತ್ರ ತಿರುಗ್ತಿರ್ಲಿಲ್ಲ."