ದೇವೀರಮ್ಮನ ಗ್ರಾಫಿನಲ್ಲಿ ಇಲ್ಲದ ಆರು ದಿನ

ಸುಸ್ತಾಗಿದೆ ಅಂತ ಮೊದಲೇ ಹೇಳಿಬಿಡುತ್ತೇನೆ... ಹದಿನೆಂಟು ವರ್ಷದಿಂದ ದಾವಣಗೆರೆಯ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಿದ್ದೇನೆ.

ಪ್ರತಿ ವರ್ಷ ಅದೇ ಪ್ರಾಕ್ಟಿಕಲ್, ಅದೇ ರೆಕಾರ್ಡ್ ಪುಸ್ತಕಗಳ ರಾಶಿ, ಅದೇ ನನ್ನ ಸಹಿ.

ಕೈ ಒಂದು ಹೊಸ ಕೆಲಸವನ್ನು ಹೇಗೆ ಕಲಿಯುತ್ತದೆ ಅಂತ ನೋಡುವ ಹಳೆಯ ಪ್ರಯೋಗವೊಂದಿದೆ. ಕಾಗದದ ಮೇಲೆ ಒಂದು ನಕ್ಷತ್ರ. ಅದನ್ನು ನೇರವಾಗಿ ನೋಡುವಂತಿಲ್ಲ... ಎದುರಿನ ಕನ್ನಡಿಯಲ್ಲಿ ನೋಡುತ್ತಾ ಪೆನ್ಸಿಲಿನಿಂದ ತಿದ್ದಬೇಕು.

ಮೇಲೆ ಹೋಗಬೇಕಾದ ಕೈ ಕೆಳಗೆ ಹೋಗುತ್ತದೆ. ಎಂಥ ಬುದ್ಧಿವಂತರೂ ಮೊದಲ ದಿನ ಮಗುವಿನ ಹಾಗೆ ಗೀಚುತ್ತಾರೆ.

ದಿನಾ ಆದ ತಪ್ಪುಗಳನ್ನು ಎಣಿಸಿ ಗ್ರಾಫ್ ಹಾಕಬೇಕು. ತಪ್ಪು ಕಡಿಮೆಯಾದಷ್ಟೂ ಗ್ರಾಫಿನ ಗೆರೆ ಕೆಳಗಿಳಿಯುತ್ತದೆ.

ಈ ಸಲ ನನ್ನ ವಿದ್ಯಾರ್ಥಿನಿ ಸಹನಾ ಹದಿನಾಲ್ಕು ದಿನ ಕನ್ನಡಿಯ ಮುಂದೆ ಕೂರಿಸಿದ್ದು, ನಮ್ಮ ಲ್ಯಾಬ್ ಗುಡಿಸುವ ದೇವೀರಮ್ಮನನ್ನು.

ಅದಾಗಿ ಒಂದು ವಾರವಾಗಿತ್ತು. ಮಧ್ಯಾಹ್ನ ನಾನು ರೆಕಾರ್ಡುಗಳಿಗೆ ಸಹಿ ಹಾಕುತ್ತಾ ಕೂತಿದ್ದೆ. ದೇವೀರಮ್ಮ ಕಸ ಗುಡಿಸುತ್ತಿದ್ದರು. "ಯಜಮಾನರು ಹೇಗಿದ್ದಾರೆ?" ಅಂತ ತಲೆ ಎತ್ತದೆಯೇ ಕೇಳಿದೆ.

ಅವರ ಯಜಮಾನರು ಹಾಲಪ್ಪ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದವರು. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಅವರಿಗಿದ್ದದ್ದು ಒಂದೇ ಆಸೆ... ತನ್ನ ಕೈಯಿಂದ ತಾನು ಉಣ್ಣಬೇಕು.

ಅದಕ್ಕೆಂದೇ ಆಸ್ಪತ್ರೆಯಲ್ಲಿ ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ತಟ್ಟೆಯಲ್ಲಿರುವ ಹುಣಸೆ ಬೀಜಗಳನ್ನು ಒಂದೊಂದಾಗಿ ಎತ್ತಿ ಲೋಟಕ್ಕೆ ಹಾಕಬೇಕು. ಐದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು.

"ಬಿಟ್ಬಿಟ್ವಿ ಮೇಡಂ," ಅಂದರು ದೇವೀರಮ್ಮ. "ಬೀಜ ಎಲ್ಲಾ ಹೊರಗೆ ಚೆಲ್ದೆ. ಇನ್ಮ್ಯಾಲೂ ನಾನೇ ತಿನ್ಸಿದ್ರಾತು ಬಿಡ್ರಿ."

"ಯಾಕೆ?"

"ಮೊದ್ಲು ದಿನಕ್ಕೊಂದು ಎರಡು ಜಾಸ್ತಿ ಹಾಕ್ತಿದ್ರು. ಹನ್ನೆರಡಕ್ಕೆ ಬಂದು ನಿಂತ್ಬಿಡ್ತು ನೋಡ್ರಿ. ಇಪ್ಪತ್ತು ದಿನಾತು... ಹನ್ನೆರಡೇ."

"ಅಷ್ಟಕ್ಕೇ ಬಿಟ್ಟುಬಿಟ್ರಾ?"

"ಸಹನಾ ಅವ್ವಾರು ನನ್ನ ಗ್ರಾಫ್ ತೋರ್ಸಿದ್ರು. ಜಾರುಬಂಡಿ ಇದ್ದಂಗೆ ಇಳ್ದೈತಿ... ಎಲ್ಲೂ ನಿಂತಿಲ್ಲ. ಕಲಿಯೋ ಕೈ ಹಿಂಗೇ ಏನವ್ವಾ ಅಂದೆ. ಹೂಂ, ದಿನಾ ಇಳೀತಾನೇ ಹೋಗುತ್ತೆ ಅಂದ್ರು. ಹಂಗಾರೆ ಇವ್ರದ್ದು ಕಲಿಯೋ ಕೈ ಅಲ್ಲ ಅಂತ ಗೊತ್ತಾತು."

ನನ್ನ ಪೆನ್ನು ಅಲ್ಲೇ ನಿಂತಿತು.

ರಾಶಿಯಲ್ಲಿ ಸಹನಾಳ ರೆಕಾರ್ಡ್ ಹುಡುಕಿದೆ. ಚಿತ್ರ ಬಿಡಿಸಿದ ಹಾಗೆ ನುಣ್ಣಗೆ ಇಳಿದ ಗೆರೆ. ಕೆಳಗೆ ನನ್ನ ಸಹಿ... ನೋಡದೆಯೇ ಹಾಕಿದ್ದು.

ನಿಜವಾದ ಕೈ ಅಷ್ಟು ನುಣ್ಣಗೆ ಕಲಿಯುವುದು ತೀರಾ ಅಪರೂಪ. ಅದು ನನಗೆ ಚೆನ್ನಾಗಿಯೇ ಗೊತ್ತು. ಹಿರಿಯರ ರೆಕಾರ್ಡ್ ನೋಡಿ ಕಿರಿಯರು ಗ್ರಾಫ್ ತಿದ್ದುತ್ತಾರೆ ಅನ್ನುವುದೂ ಗೊತ್ತು. ಆದರೆ ಅರವತ್ತು ಮಕ್ಕಳ ಜೊತೆ ಗುದ್ದಾಡಲು ಯಾರಿಗೆ ತ್ರಾಣವಿದೆ?

ಸಹನಾಳನ್ನು ಕರೆಸಿದೆ. "ರಫ್ ಶೀಟ್ ಎಲ್ಲಮ್ಮ?"

ಅವಳು ತಲೆ ತಗ್ಗಿಸಿದಳು. "ಮಧ್ಯದಲ್ಲಿ ಆರು ದಿನ ಫ್ಲಾಟ್ ಬಂದಿತ್ತು ಮ್ಯಾಮ್... ಮಾರ್ಕ್ಸ್ ಕಟ್ ಆಗುತ್ತೆ ಅಂತ ಸರಿ ಮಾಡಿದೆ. ಸೀನಿಯರ್ಸ್‌ದೆಲ್ಲ ಹಾಗೇ ಇತ್ತು."

ಯಾವ ಮುಖದಿಂದ ಬೈಯಲಿ? ಆ ಸೀನಿಯರ್‌ಗಳ ರೆಕಾರ್ಡಿಗೂ ಸಹಿ ಹಾಕಿದವಳು ನಾನೇ.

ಬ್ಯಾಗಿನಿಂದ ಅವಳು ತೆಗೆದುಕೊಟ್ಟ ಹಾಳೆಯನ್ನು ದೇವೀರಮ್ಮನ ಮುಂದೆ ಹರಡಿದೆ. ನಲವತ್ತೊಂದು ತಪ್ಪು, ಮೂವತ್ತಮೂರು, ಇಪ್ಪತ್ತಾರು... ಆಮೇಲೆ ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತಮೂರು, ಮತ್ತೆ ಇಪ್ಪತ್ತೆರಡು...

"ಇದು ನಿಮ್ಮದೇ ಕೈ, ದೇವೀರಮ್ಮ. ಆರು ದಿನ ನಿಂತಲ್ಲೇ ನಿಂತಿತ್ತು. ಏಳನೇ ದಿನ ನೋಡಿ, ಹದಿನಾರಕ್ಕೆ ಇಳಿಯಿತು. ಕಲಿಯುವಾಗ ಇಂಥ ದಿನ ಬರುತ್ತವೆ ಅಂತ ನಮ್ಮ ಪಾಠದಲ್ಲೇ ಇದೆ. ನಾವೇ ಮುಚ್ಚಿಟ್ಟೆವು."

ಅವರು ಆ ಅಂಕಿಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು.

"ನನ್ನ ಕೈ ನಿಂತೈತಿ ಅಂತ ನನಗೆ ಗೊತ್ತಿರ್ಲಿಲ್ಲ ಮೇಡಂ... ಗೊತ್ತಿದ್ರೆ ಏಳನೇ ದಿನ ಬರ್ತಾನೇ ಇರ್ಲಿಲ್ಲ."

ಆಮೇಲೆ ಪೊರಕೆ ಕೆಳಗಿಟ್ಟು ಅತ್ತರು. "ನಿಮ್ ಕೈ ಇಷ್ಟೇ, ಮುಗೀತು ಅಂತ ಅವ್ರಿಗೆ ನಾನೇ ಹೇಳ್ಬಿಟ್ಟೆ. ಗೋಡೆ ಕಡೆ ತಿರುಗಿ ಮಲಕ್ಕಂಡ್ರು."

ಸಹನಾ ಅಳುತ್ತಿದ್ದಳು. ನನ್ನ ಕಣ್ಣೂ ತುಂಬಿತ್ತು.

"ನಿಂತ ಕೈ ಮತ್ತೆ ನಡೆದೇ ನಡೆಯುತ್ತೆ ಅಂತ ನಾನು ಮಾತು ಕೊಡಲಾರೆ," ಅಂದೆ. "ಆಸ್ಪತ್ರೆಯವರನ್ನೇ ಕೇಳಿ. ಆದರೆ ನಿಂತಿದೆ ಅಂದ ಮಾತ್ರಕ್ಕೆ ಮುಗೀತು ಅನ್ನಬೇಡಿ."

ಅವರು ಆ ಹಾಳೆ ಕೇಳಿ ತೆಗೆದುಕೊಂಡರು. ಯಜಮಾನರಿಗೆ ತೋರಿಸಿ, ಮತ್ತೆ ಬೀಜ ಎತ್ತಿಸಬೇಕಂತೆ.

ಮರುದಿನದಿಂದ ಕೆಲಸಕ್ಕೆ ಬಂದವರೇ ವರದಿ ಒಪ್ಪಿಸುತ್ತಿದ್ದರು. "ಹನ್ನೆರಡೇ ಮೇಡಂ." ಮಾರನೇ ದಿನವೂ ಹನ್ನೆರಡು. ಆ ಸಂಖ್ಯೆ ಕೇಳಿ ಕೇಳಿ ನನಗೇ ಸಾಕಾಗಿತ್ತು, ಸುಳ್ಳು ಆಸೆ ಹುಟ್ಟಿಸಿದೆನೇನೋ ಅಂತ ಹೆದರಿಕೆಯೂ ಆಗಿತ್ತು.

ಹನ್ನೊಂದನೇ ದಿನ ಪಾಠದ ನಡುವೆ ಬಾಗಿಲಲ್ಲಿ ನಿಂತು, "ಹದಿನಾಲ್ಕು," ಅಂದು ಹೊರಟುಹೋದರು.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಂದು ನನ್ನ ಮೇಜಿನ ಪಕ್ಕ ನಿಂತರು.

"ನಿನ್ನೆ ಅವ್ರೇ ಕಲಸ್ಕಂಡು ಉಂಡ್ರು ಮೇಡಂ. ಅರ್ಧ ಅನ್ನ ತೊಡಿ ಮ್ಯಾಲೆ ಬಿತ್ತು. ಒರೆಸಾಕೆ ಹೋದೆ..."

ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದು ವರ್ಷದಿಂದ ಗಂಡನಿಗೆ ತಿನ್ನಿಸಿ, ಕೊನೆಗೆ ತಣ್ಣಗಾದದ್ದನ್ನು ಉಂಡ ಹೆಂಗಸು.

"ಕೈ ಅಡ್ಡ ಹಿಡಿದು, 'ನೀ ಕುಂತು ಉಣ್ಣು, ನಿಂದು ಆರ್ತೈತಿ' ಅಂದ್ರು."

.

*ಏನೂ ಮುಂದೆ ಸಾಗದ ದಿನಗಳೂ ಕಲಿಕೆಯ ದಿನಗಳೇ... ಅವನ್ನು ಅಳಿಸಿ ತೋರಿಸಿದರೆ ಇನ್ನೊಬ್ಬರ ಧೈರ್ಯ ಅಳಿದುಹೋಗುತ್ತದೆ.*

ನೀವು ಗೆದ್ದ ಕಥೆಯನ್ನು ಬೇರೆಯವರಿಗೆ ಹೇಳುವಾಗ, ಯಾವ ದಿನಗಳನ್ನು ಬಿಟ್ಟು ಹೇಳುತ್ತಿದ್ದೀರಿ...?