ಹಿಂದೆ ಒಬ್ಬನಾದರೂ ಇರಲಿ

ಪಾರ್ಮೇನಿಯೋ ಹಿಂತಿರುಗಿ ನೋಡಿದ. ರಸ್ತೆಯಲ್ಲಿ ಒಂದು ಕರು ಬಿಟ್ಟರೆ ಯಾರೂ ಇರಲಿಲ್ಲ.

ಊರಿನಿಂದ ಬೆಟ್ಟದ ನೆತ್ತಿಯವರೆಗಿನ ಈ ಸೈಕಲ್ ಪಂದ್ಯದಲ್ಲಿ ಹತ್ತೊಂಬತ್ತು ವರ್ಷ, ಅವನು ತಿರುಗಿದಾಗಲೆಲ್ಲ ಅಲ್ಲಿ ಕುಸ್ತೋದಿಯೋ ಇರುತ್ತಿದ್ದ. ಇಗರ್ಜಿಯ ಗಂಟೆ ಬಾರಿಸುವ ಕುಸ್ತೋದಿಯೋ. ನೂರು ಕಿಲೋ ತೂಕದ ಆಸಾಮಿ. ಏದುಸಿರು ಬಿಡುತ್ತಲೇ ದಾರಿಬದಿಯ ಹೆಂಗಸರಿಗೆಲ್ಲ ಟೋಪಿ ಎತ್ತಿ ವಂದಿಸುತ್ತ ಬರುತ್ತಿದ್ದ. ಅಂಥವನು ಫೆಬ್ರವರಿಯಲ್ಲಿ, ಯಾರನ್ನೂ ಕೇಳದೆ, ದೇವರ ಪಾದ ಸೇರಿಬಿಟ್ಟ.

ಅವನ ಮಣ್ಣಿನ ದಿನ ಪಾರ್ಮೇನಿಯೋ ಸತ್ತವನ ಹೆಂಡತಿ ಎರ್ಮೆಲಿಂದಾಳಿಗಿಂತ ಜೋರಾಗಿ ಅತ್ತಿದ್ದ. ಇನ್ನು ಕೊನೆಗೆ ಬರುವವರು ಯಾರು?

ಆ ಊರಿನವರು ಗೆದ್ದವನನ್ನು ಸೋಮವಾರದ ಹೊತ್ತಿಗೆ ಮರೆಯುತ್ತಾರೆ. ಕೊನೆಗೆ ಬಂದವನ ಪಟವನ್ನು ಮಾತ್ರ ಕ್ಷೌರದ ಸಾಂತೋಸ್ ತನ್ನ ಕನ್ನಡಿಯ ಮೇಲೆ ಒಂದು ವರ್ಷ ತೂಗುಹಾಕುತ್ತಾನೆ. ಗಲ್ಲಕ್ಕೆ ಸೋಪು ಹಚ್ಚಿಸಿಕೊಂಡು ಕೂತವರೆಲ್ಲ ಅದನ್ನೇ ನೋಡಬೇಕು. ಕುಸ್ತೋದಿಯೋ ತನ್ನ ಪಟಕ್ಕೆ ತಾನೇ ಕಣ್ಣು ಹೊಡೆದು ನಗುತ್ತಿದ್ದ. ಪಾರ್ಮೇನಿಯೋ ನಗುವಂತಿರಲಿಲ್ಲ. ಅವನು ಶಾಲೆಯ ವ್ಯಾಯಾಮದ ಮೇಷ್ಟ್ರು; "ಗೆಲುವೊಂದೇ ಗುರಿ, ಕಣ್ಣು ಸದಾ ಮುಂದಿರಲಿ" ಎಂದು ಮಕ್ಕಳಿಗೆ ದಿನಾ ಬೋಧಿಸುವವನು. ಆ ಮಕ್ಕಳೆಲ್ಲ ಕೂದಲು ಕತ್ತರಿಸಿಕೊಳ್ಳುವುದು ಸಾಂತೋಸನ ಹತ್ತಿರ.

ಗೆಲ್ಲಬೇಕೆಂದು ಅವನಿಗೆ ಒಮ್ಮೆಯೂ ಅನಿಸಿರಲಿಲ್ಲ. ಹಿಂದೆ ಒಬ್ಬನಿದ್ದರೆ ಸಾಕಿತ್ತು.

ಬೆಳಗ್ಗೆ ಪಾದ್ರಿ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಸೈಕಲ್‌ಗಳಿಗೆ ತೀರ್ಥ ಚಿಮುಕಿಸಿ, ಸತ್ತವನ ಬಗ್ಗೆ ಉದ್ದಕ್ಕೆ ಮಾತಾಡಿದ್ದ. ನಲವತ್ತು ಜನ ತಲೆ ಬಗ್ಗಿಸಿ ಕೇಳಿದರು. ನಲವತ್ತೊಂದನೆಯವನಾದ ಪಾರ್ಮೇನಿಯೋ ಕೂಡ ತಲೆ ಬಗ್ಗಿಸಿದ್ದ. ಅವನು ನೋಡುತ್ತಿದ್ದುದು ಉಳಿದವರ ಕಾಲುಗಳನ್ನು. ಯಾರ ಮೀನಖಂಡ ಸೊರಗಿದೆ? ಯಾರ ಮಂಡಿಗೆ ಪಟ್ಟಿ ಬಿದ್ದಿದೆ? ಕೊನೆಗೆ ಕಸಾಯಿ ಲಿಬಾರ್ದೋನ ಹೊಟ್ಟೆ ಕಂಡು ಸಮಾಧಾನವಾಯಿತು. ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಅಂದ.

"ಏನ್ ಮೇಷ್ಟ್ರೇ, ಈ ಸಲ ನಿಮ್ ಬೆನ್ನು ಕಾಯೋರೇ ಇಲ್ವಲ್ಲ?" ಎಂದ ಲಿಬಾರ್ದೋ.

"ನೀನಿದ್ದೀಯಲ್ಲಪ್ಪ."

"ನಾನಾ? ಹೊಟ್ಟೆ ಮದ್ವೆ ಆದ್ಮೇಲೆ ಬಂದಿದ್ದು, ಕಾಲು ಹಳೇವೇ. ಸಾಂತೋಸ್ ಆಗ್ಲೇ ಪಟದ ಗಾಜು ಒರೆಸಿಟ್ಟವ್ನಂತೆ. ಮೀಸೆ ತಿದ್ದಿಸ್ಕೊಂಡ್ ಬಂದ್ರಾ?"

ಹೇಳಿದಂತೆಯೇ ಲಿಬಾರ್ದೋ ಮೂರನೆಯ ಕಿಲೋಮೀಟರಿನಲ್ಲಿ ಅವನನ್ನು ಹಿಂದೆ ಹಾಕಿ ತಿರುವಿನಲ್ಲಿ ಮರೆಯಾಗಿದ್ದ. ಉಳಿದದ್ದು ಕರು.

ಪಾರ್ಮೇನಿಯೋ ತುಳಿದ. ಹುಟ್ಟಿದಾಗಿನಿಂದ ಹಾಗೆ ತುಳಿದಿರಲಿಲ್ಲ. ಕನ್ನಡಿ, ಸೋಪು, ತನ್ನ ಮುಖ, ಮಕ್ಕಳ ಕಿಸಿಕಿಸಿ ನಗು, ಎಲ್ಲ ಅವನ ಬೆನ್ನು ಹತ್ತಿ ಓಡಿಬರುತ್ತಿದ್ದವು. ಐದನೆಯ ಕಿಲೋಮೀಟರಿನಲ್ಲಿ ಲಿಬಾರ್ದೋ ಸಿಕ್ಕಿದ.

"ಕಾಲೂ ಮದ್ವೆ ಆದ್ವೇನೋ?" ಎಂದು ಕೇಳಿ ಪಾರ್ಮೇನಿಯೋ ಮುಂದೆ ಹೋದ.

ಬೇರೆ ವರ್ಷವಾಗಿದ್ದರೆ ಅಲ್ಲಿಗೆ ಕಾಲು ಸಡಿಲ ಬಿಡುತ್ತಿದ್ದ. ಆದರೆ ಕಸಾಯಿಯನ್ನು ನಂಬುವುದು ಹೇಗೆ? ಹಿಂದೆ ಇಬ್ಬರಿರಲಿ. ಇಬ್ಬರಾದರು. ನಾಲ್ವರಿದ್ದರೆ ನೆಮ್ಮದಿ. ನಾಲ್ವರೂ ಆದರು. ಒಬ್ಬ ಸಾಕೆಂದಿದ್ದವನಿಗೆ ಈಗ ಹದಿನೈದು ಜನ ಸಾಲದಾಯಿತು. ಮೊದಲ ಸಲ ಅವನು ಮುಂದಕ್ಕೆ ನೋಡಿದ.

ಎಂಟನೆಯ ಕಿಲೋಮೀಟರು, ಸ್ಮಶಾನದ ತಿರುವು. ಮುಂದಿದ್ದವರೆಲ್ಲ ಅಲ್ಲಿ ಸೈಕಲ್ ಇಳಿದಿದ್ದರು. ಟೋಪಿ ತೆಗೆದು ಒಬ್ಬೊಬ್ಬರಾಗಿ ಗೇಟಿನೊಳಗೆ ಹೋಗುತ್ತಿದ್ದರು. ಪಾದ್ರಿಯ ಜೀಪು ನಿಂತಿತ್ತು. ಕಪ್ಪು ಶಾಲು ಹೊದ್ದ ಎರ್ಮೆಲಿಂದಾ ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆಯ ಸೂಪು ಕಲಕುತ್ತಿದ್ದಳು.

ಪಂದ್ಯದ ನಡುವೆ ಪ್ರಾರ್ಥನೆ! ಪಾರ್ಮೇನಿಯೋನಿಗೆ ಅಷ್ಟೂ ಜನರ ಮೇಲೆ ಕನಿಕರ ಉಕ್ಕಿತು. ಭಕ್ತರು ಸ್ವರ್ಗಕ್ಕೆ ಹೋಗಲಿ. ಬೆಟ್ಟದ ನೆತ್ತಿಗೆ ಹೋಗಲು ಬುದ್ಧಿ ಬೇಕು. ಒಂದು ಕೈಯಲ್ಲಿ ಅವಸರದ ಶಿಲುಬೆ ಗುರುತು ಹಾಕಿಕೊಂಡು, ಸೋಮವಾರ ಒಂದು ದಪ್ಪ ಮೇಣದಬತ್ತಿ ಹಚ್ಚುವೆನೆಂದು ಕುಸ್ತೋದಿಯೋನಿಗೆ ಮಾತುಕೊಟ್ಟ. ಬ್ರೇಕು ಮುಟ್ಟಲಿಲ್ಲ.

"ಮೇಷ್ಟ್ರೇ, ನಿಲ್ರೀ!" ಎಂದು ಅಂಚೆಯ ಎವುದೋರೋ ಕೂಗಿದ. "ಎಲ್ಲಿಗ್ರೀ?"

"ಗೆಲ್ಲೋಕೆ ಕಣ್ರೋ!"

"ಅಯ್ಯೋ, ಯಾರಾದ್ರೂ ಹಿಡ್ಕೊಳ್ರೋ ಅವ್ರನ್ನ!"

ಹಿಡಿದುಕೊಳ್ಳಿ! ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಹಿಡಿಯಲು ಬಯಸಿರಲಿಲ್ಲ. ಆ ಕೂಗು ಕಿವಿಗೆ ಜೇನಿನಂತೆ ಇಳಿಯಿತು. ಉಳಿದ ಆರು ಕಿಲೋಮೀಟರು ಅವನು ಹತ್ತಲಿಲ್ಲ, ಹಾರಿದ. ದಾರಿಯಲ್ಲೇ ಸೋಮವಾರದ ಪಾಠವೂ ಸಿದ್ಧವಾಯಿತು: ಹೆದರುವವನು ಸೋಲುತ್ತಾನೆ, ಮಕ್ಕಳೇ.

ನೆತ್ತಿಯ ಮೇಲೆ ಮಂಜು ಕವಿದಿತ್ತು. ತೋರಣವಿಲ್ಲ, ಸಮಿತಿಯವರಿಲ್ಲ, ಚಪ್ಪಾಳೆಯಿಲ್ಲ. ಅವರೇ ಬಂದು ತಲುಪಿಲ್ಲವೆಂದರೆ ತಾನೆಷ್ಟು ವೇಗವಾಗಿ ಬಂದಿರಬೇಡ! ಪಾರ್ಮೇನಿಯೋ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಗೆದ್ದವನ ಪಟ ತೆಗೆಯಲು ಯಾವ ಕ್ಷಣದಲ್ಲಾದರೂ ಬರಬಹುದು.

ರಸ್ತೆಬದಿಯ ಗುಡಿಸಲಿನಲ್ಲಿ ಮುದುಕಿ ತ್ರಾನ್ಸಿತೋ ಒಲೆಯ ಮುಂದೆ ಕೂತು ರೇಡಿಯೋ ಕೇಳುತ್ತಿದ್ದಳು.

"ಒಂದು ಬಿಸಿ ಬೆಲ್ಲದ ನೀರು ಕೊಡಮ್ಮ. ಅದರಲ್ಲಿ ಗಿಣ್ಣಿನ ತುಂಡು ದೊಡ್ಡದಾಗಿ ಹಾಕು. ಗೆದ್ದಿದ್ದೀನಿ."

"ಗೆದ್ರಾ? ಒಳ್ಳೇದಾಯ್ತಪ್ಪ. ಎಲ್ಲಿ?"

"ಇಲ್ಲೇ! ಹಿಂದೆ ನಲವತ್ತು ಜನ ಇದ್ದಾರೆ."

ಮುದುಕಿ ಬರಿದಾದ ರಸ್ತೆಯನ್ನು ನೋಡಿದಳು. ಅವನನ್ನು ನೋಡಿದಳು. ಆಮೇಲೆ ಕೈ ಚಾಚಿ ರೇಡಿಯೋದ ದನಿ ಏರಿಸಿದಳು.

"...ಬೆಳಗ್ಗೆ ಪಾದ್ರಿಯವರು ತಿಳಿಸಿದಂತೆ ಈ ವರ್ಷದ ಪಂದ್ಯ ಕುಸ್ತೋದಿಯೋನ ಸಮಾಧಿ ಮುಟ್ಟುವಲ್ಲಿಗೆ ಮುಗಿದಿದೆ, ಕೇಳುಗರೇ. ನಲವತ್ತು ಜನ ಮುಟ್ಟಿ, ಸೂಪು ಕುಡಿದು, ಕೊನೆಯವನಿಗಾಗಿ ಕಾಯುತ್ತಿದ್ದಾರೆ."